ಜಾತ್ರೆಯ ಸ್ಟೇಜು, ಮೊದಲ ಪದ, ಎದೆಯ ಡವಡವ

"ಅಣ್ಣಾ, ಜಾತ್ರಿಗಿ ನಮ್ಮ ಕಾರ್ಯಕ್ರಮ ಫಿಕ್ಸ್ ಆಗ್ಯಾದ್ರಿ. ಖರೆ ಹೇಳ್ಬೇಕಂದ್ರ ಈಗಿಂದಾನೇ ಎದಿ ಡವಡವ ಅನ್ಲಿಕತ್ತಾದ."

ಶಹಾಪುರ ಸೀಮೆಯ ವನದುರ್ಗದಿಂದ ಫೋನ್ ಮಾಡಿದ ಈ ಹುಡುಗನ ತಂಡದಲ್ಲಿ ಆರು ಜನ. ಹಾಡುವವರು ಇಬ್ಬರು, ಒಬ್ಬ ಪೇಟಿ (ಹಾರ್ಮೋನಿಯಂ), ಒಬ್ಬ ತಬಲಾ, ಒಬ್ಬ ದಮ್ಮಡಿ, ಇನ್ನೊಬ್ಬನ ಕೈಯಲ್ಲಿ ಶಹಾಪುರದಿಂದ ಸೆಕೆಂಡ್ ಹ್ಯಾಂಡ್ ತಂದ ಕೀಬೋರ್ಡು. ಅರ್ಧ ತತ್ವಪದ, ಅರ್ಧ ಸಿನಿಮಾ ಹಾಡು. ಮನೆಯ ಪಡಸಾಲೆಯಲ್ಲಿ ಕೂತು ಹಾಡಿದಾಗ ಓಣಿಯವರು ಬಾಗಿಲಲ್ಲಿ ನಿಂತು ತಲೆದೂಗಿದ್ದರು. ಈಗ ಸ್ಟೇಜು, ಮೈಕು, ಲೈಟು. ಕಾರ್ಯಕ್ರಮಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ನಾನು ಪೇಟಿ ಬಾರಿಸುತ್ತ ಮೇಳಗಳ ಬೆನ್ನು ಹತ್ತಿ ಇಪ್ಪತ್ತು ವರ್ಷ ತಿರುಗಿದವನು. ಅವನಿಗೆ ಫೋನಿನಲ್ಲಿ ಹೇಳಿದ್ದು ಅರ್ಧ, ಹೇಳದೆ ಉಳಿದದ್ದು ಅರ್ಧ. ಎರಡನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಆ ಡವಡವದ ಮಾತು. ಕನ್ನಡದಲ್ಲಿ ಅದಕ್ಕೆ ಸಭಾಕಂಪ ಎಂಬ ಹೆಸರಿದೆ. ನನಗೆ ಆ ಹೆಸರು ಇಷ್ಟ, ಯಾಕೆಂದರೆ ಅದು ಮನಸ್ಸಿನ ಮಾತು ಬಿಟ್ಟು ಮೈಯ ಮಾತು ಆಡುತ್ತದೆ. ಹೊಲದ ಬದುವಿನಲ್ಲಿ ಹಾವು ಕಂಡಾಗ ಮೈಯಲ್ಲಿ ಏನಾಗುತ್ತದೋ ಸ್ಟೇಜಿನ ಮೆಟ್ಟಿಲ ಮೇಲೂ ಅದೇ ಆಗುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆಬಡಿತ ಏರುತ್ತದೆ. ರಕ್ತ ತೊಡೆ, ತೋಳಿನ ದೊಡ್ಡ ಸ್ನಾಯುಗಳ ಕಡೆ ಓಡುವುದರಿಂದ ಬೆರಳು ತಣ್ಣಗಾಗುತ್ತವೆ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಉಸಿರು ಹೊಟ್ಟೆ ಬಿಟ್ಟು ಎದೆಯ ಮೇಲ್ಭಾಗಕ್ಕೆ ಬರುತ್ತದೆ. ಹಾವಿನಿಂದ ಓಡಲು ಇದೆಲ್ಲ ಬಹಳ ಉಪಯೋಗದ್ದು. ಮೇಲಿನ ಷಡ್ಜ ಹಿಡಿದು ನಿಲ್ಲಲು, ಪೇಟಿಯ ಮೇಲೆ ಬೆರಳಾಡಿಸಲು ಇದರಷ್ಟು ತೊಂದರೆಯದು ಇನ್ನೊಂದಿಲ್ಲ.

ಹಾಗಾಗಿ "ಅಂಜಬ್ಯಾಡ" ಎಂದು ಹೇಳುವುದು ದಂಡ. ಅಡ್ರಿನಲಿನ್‌ಗೆ ಕಿವಿಯಿಲ್ಲ. ಅಂಜಿಕೆ ಬರುತ್ತದೆ ಎಂದು ಒಪ್ಪಿಕೊಂಡು, ಬಂದಾಗ ಕೈ, ಕಣ್ಣು, ಉಸಿರಿಗೆ ಯಾವ ಕೆಲಸ ಎಂಬುದನ್ನು ಮೊದಲೇ ಗೊತ್ತು ಮಾಡಿಡಬೇಕು. ಮುಂದಿನದೆಲ್ಲ ಆ ಕೆಲಸಗಳ ಲೆಕ್ಕ.

ಮೊದಲ ಕಾರ್ಯಕ್ರಮ ನಿಜಕ್ಕೂ ಮೊದಲನೆಯದಾಗಿರಬಾರದು

ಶಹಾಪುರ, ಸುರಪುರದ ಸೀಮೆಯ ಹೊಸ ತಂಡಗಳಿಗೆ ಬೆಂಗಳೂರಿನ ಬ್ಯಾಂಡುಗಳಿಗಿಲ್ಲದ ಒಂದು ಅನುಕೂಲವಿದೆ. ಕಡಕೋಳ ಮಡಿವಾಳಪ್ಪನವರ ತತ್ವಪದ, ಅವರ ಶಿಷ್ಯರಾದ ಚನ್ನೂರ ಜಲಾಲಸಾಬ, ತೆಲುಗುಬಾಳ ರೇವಪ್ಪ, ಖೈನೂರ ಕೃಷ್ಣಪ್ಪ ಅವರ ಪದ ಹಾಡುವ ಭಜನಾ ಮೇಳಗಳು ಇಲ್ಲಿಯ ಊರೂರಲ್ಲಿ ಇವೆ. ಸೋಮವಾರಕ್ಕೋ ಅಮಾವಾಸ್ಯೆಗೋ ಗುಡಿಯಲ್ಲಿ ಅಥವಾ ಮಠದಲ್ಲಿ ಕೂಡುತ್ತಾರೆ. ಅಲ್ಲಿ ಸ್ಟೇಜಿಲ್ಲ, ಕೇಳುವವರು ಹಾಡುವವರ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತಿರುತ್ತಾರೆ.

ಆ ಮೇಳಕ್ಕೆ ಸೇರಿದ ಹುಡುಗ ಮೊದಲ ದಿನವೇ ಪದ ಹಾಡುವುದಿಲ್ಲ. ಕೆಲವು ತಿಂಗಳು ತಾಳ ಹಾಕುತ್ತಾನೆ. ಆಮೇಲೆ ಹಿಮ್ಮೇಳದಲ್ಲಿ ಪಲ್ಲ, ಅಂದರೆ ಪಲ್ಲವಿ, ಎತ್ತಿಕೊಳ್ಳುತ್ತಾನೆ. ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ, ಅರ್ಧ ಜನ ತೂಕಡಿಸುತ್ತಿರುವಾಗ, ಹಿರಿಯರು "ಈಗ ನೀ ಒಂದು ಹಾಡೋ ತಮ್ಮಾ" ಅನ್ನುತ್ತಾರೆ. ಅವನ ಮೊದಲ ಪದ ಹುಟ್ಟುವುದು ಹೀಗೆ, ನಿದ್ದೆಗಣ್ಣಿನ ಹತ್ತು ಮಂದಿಯ ಮುಂದೆ. ಇದನ್ನು ಯಾರೂ ಸಭಾಕಂಪದ ಚಿಕಿತ್ಸೆ ಎಂದು ಕರೆದಿಲ್ಲ. ಆದರೆ ಅಂಜಿಕೆಯ ರೋಗಿಗಳಿಗೆ ಮನೋವೈದ್ಯರು ಕೊಡುವ ಚಿಕಿತ್ಸೆಯೂ ಹೀಗೇ ಇರುತ್ತದೆ: ಅಂಜಿಸುವ ವಸ್ತುವನ್ನು ಚಿಕ್ಕ ಚಿಕ್ಕ ಪ್ರಮಾಣದಲ್ಲಿ, ಮತ್ತೆ ಮತ್ತೆ ಎದುರಿಸುವುದು.

ಆದ್ದರಿಂದ ನಾನು ಆ ಹುಡುಗನಿಗೆ ಹೇಳಿದ ಮೊದಲ ಮಾತು: ಜಾತ್ರೆಗೆ ಮುಂಚೆ ಒಂದು ಅಮಾವಾಸ್ಯೆ ಬರುತ್ತದೆ. ಆವತ್ತು ಭಜನೆಗೆ ಇಡೀ ತಂಡ ಹೋಗಿ ಎರಡು ಪದ ಹಾಡಿ ಬನ್ನಿ. ಅದರ ಮುಂದಿನ ವಾರ ಗೆಳೆಯನ ಮನೆಯ ತೊಟ್ಟಿಲ ಕಾರ್ಯಕ್ರಮವೋ ಶಾಲೆಯ ಅಂಗಳವೋ ಏನಾದರೂ ಹುಡುಕಿ ಮೂವತ್ತು ಜನರ ಮುಂದೆ ನಾಲ್ಕು ಹಾಡಿ. ಜಾತ್ರೆಯದು ಮೂರನೆಯದಾಗಲಿ. ಸಿನಿಮಾ ಹಾಡಿನ ಕೀಬೋರ್ಡು ತತ್ವಪದದ ಭಜನೆಯಲ್ಲಿ ಬೇಡ ಎಂದು ಹಿರಿಯರು ಮುಖ ಸಿಂಡರಿಸಬಹುದು. ಸಿಂಡರಿಸಲಿ. ಸಿಂಡರಿಸಿದ ಮುಖದ ಮುಂದೆ ಹಾಡಿ ಬಂದವನಿಗೆ ಜಾತ್ರೆಯ ಕತ್ತಲಲ್ಲಿ ಕೂತ ಮುಖಗಳು ಹಗುರ. ಶಿಶುನಾಳ ಶರೀಫರ ಪದವನ್ನು ಗಿಟಾರಿನ ಜೊತೆ ಹಾಡಿದ ರಘು ದೀಕ್ಷಿತ್ 2010ರಲ್ಲಿ ಬಿಬಿಸಿ ಟಿವಿಯ ಜೂಲ್ಸ್ ಹಾಲಂಡ್ ಸಂಗೀತ ಕಾರ್ಯಕ್ರಮದ ತನಕ ಹೋದರು. ಪದಕ್ಕೆ ಮಡಿಯಿಲ್ಲ.

ತಾಲೀಮು: ನಡುವಿನದಲ್ಲ, ಕೂಡುವ ಜಾಗದ್ದು

ಹೊಸ ತಂಡಗಳ ತಾಲೀಮು ನೋಡಿದರೆ ಒಂದೇ ತಪ್ಪು ಎಲ್ಲ ಕಡೆ. ಹಾಡನ್ನು ಮೊದಲಿಂದ ಕೊನೆಯವರೆಗೆ ಹತ್ತು ಸಲ ಹಾಡುತ್ತಾರೆ. ಆದರೆ ಸ್ಟೇಜಿನ ಮೇಲೆ ಹಾಡಿನ ನಡುಭಾಗ ಕೆಡುವುದು ಕಡಿಮೆ. ಕೆಡುವುದು ಮೂರು ಕಡೆ: ಹಾಡು ಎತ್ತುವಾಗ, ಮುಗಿಸುವಾಗ, ಒಂದು ಮುಗಿದು ಇನ್ನೊಂದು ಶುರುವಾಗುವ ನಡುವಿನ ಹೊತ್ತಿನಲ್ಲಿ. ಅಲ್ಲಿ ಎಂಟು ಸೆಕೆಂಡು ಸುಮ್ಮನೆ ಕಳೆದರೆ ಕೂತವರಿಗೆ ಎಂಟೇ ಸೆಕೆಂಡು, ಮೇಲೆ ನಿಂತವನಿಗೆ ಎರಡು ನಿಮಿಷ. ಅಷ್ಟರಲ್ಲಿ ಅವನ ಗಂಟಲು ಒಣಗಿರುತ್ತದೆ. ಹಾಗಾಗಿ ವಾರಕ್ಕೆ ಒಂದು ದಿನ ಬರೀ ಈ ಕೂಡುವ ಜಾಗಗಳ ತಾಲೀಮು ಮಾಡಿ. ಮೊದಲ ಹಾಡಿನ ಕೊನೆಯ ಸಾಲು, ಮುಕ್ತಾಯ, ಯಾರು ಮಾತಾಡಬೇಕೋ ಅವರ ಒಂದು ವಾಕ್ಯ, ಎರಡನೇ ಹಾಡಿನ ಶ್ರುತಿ, ಮೊದಲ ಸಾಲು. ಅಲ್ಲಿಗೆ ನಿಲ್ಲಿಸಿ ಮತ್ತೆ ಮೊದಲಿಂದ.

ಇನ್ನೊಂದು ವಿಷಯ ಯಾರಿಗೂ ಹೊಳೆಯುವುದಿಲ್ಲ. ಪಡಸಾಲೆಯಲ್ಲಿ ತಾಲೀಮು ಮಾಡುವಾಗ ಎಲ್ಲರೂ ದುಂಡಗೆ ಕೂತಿರುತ್ತೀರಿ. ಪೇಟಿಯವನ ಕಣ್ಣಿಗೆ ತಬಲಾದವನ ಕೈ ಕಾಣುತ್ತಿರುತ್ತದೆ. ಸ್ಟೇಜಿನ ಮೇಲೆ ಎಲ್ಲರೂ ಜನರಿಗೆ ಮುಖ ಮಾಡಿ ಸಾಲಾಗಿ ಕೂತ ಕೂಡಲೇ ಆ ಕಣ್ಣ ಸಂಬಂಧ ಹರಿದುಹೋಗುತ್ತದೆ. ಕೊನೆಯ ಎರಡು ವಾರ ಸ್ಟೇಜಿನ ಮೇಲೆ ಹೇಗೆ ಕೂಡುತ್ತೀರೋ ಹಾಗೇ ಕೂತು ತಾಲೀಮು ಮಾಡಿ. ಸಾಲು ಬೇಡ, ಅರ್ಧಚಂದ್ರದ ಹಾಗೆ ಕೂಡಿ; ತುದಿಯ ಇಬ್ಬರು ಒಬ್ಬರಿಗೊಬ್ಬರು ಕಾಣುವಷ್ಟು. ಒಂದು ಸಂಜೆ ಲೈಟ್ ಆರಿಸಿ ಬಾರಿಸಿ ನೋಡಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ಕಲಿತು ದೊಡ್ಡ ಸಭೆಗಳಲ್ಲಿ ಹಾಡಿದ್ದಾರೆ. ಅವರಿಗೆ ಸನ್ನೆ ಎಂಬುದು ಕಿವಿಯಲ್ಲೇ ಇರುತ್ತದೆ. ಕತ್ತಲ ತಾಲೀಮಿನಲ್ಲಿ ನಿಮ್ಮ ತಂಡದ ಯಾರು ಯಾರನ್ನು ಕೇಳುತ್ತಿಲ್ಲ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಅಂಜಿದ ತಂಡ ಓಡುತ್ತದೆ. ಮನೆಯಲ್ಲಿ ಐದು ನಿಮಿಷ ಹಿಡಿದ ಹಾಡು ಸ್ಟೇಜಿನಲ್ಲಿ ನಾಲ್ಕು ನಿಮಿಷಕ್ಕೆ ಮುಗಿದಿರುತ್ತದೆ. ಎದೆಬಡಿತ ಏರಿದವನಿಗೆ ಸರಿಯಾದ ಲಯವೂ ನಿಧಾನ ಅನಿಸುತ್ತದೆ, ಅದಕ್ಕೇ ಒತ್ತುತ್ತಾನೆ. ಲಯದ ಯಜಮಾನ ಒಬ್ಬನೇ ಇರಲಿ. ತಬಲಾದವನಾದರೆ ತಬಲಾದವನೇ, ಅವನು ತಪ್ಪಿದರೂ ಉಳಿದವರು ಅವನ ಹಿಂದೆ. ಮೊಬೈಲಿನಲ್ಲಿ ಮೆಟ್ರೊನೋಮ್ ಸಿಗುತ್ತದೆ, ಪ್ರತಿ ಹಾಡಿನ ನಡೆ ಎಷ್ಟು ಎಂದು ಪದದ ವಹಿಯಲ್ಲಿ ಮೂಲೆಗೆ ಬರೆದುಕೊಳ್ಳಿ. ಸ್ಟೇಜಿನ ಮೇಲೆ ಮೊದಲ ಹಾಡನ್ನು "ಇದು ಸ್ವಲ್ಪ ನಿಧಾನವಾಯಿತೇನೋ" ಅನಿಸುವಷ್ಟು ಕೆಳಗೆ ಎತ್ತಿ. ಅದೇ ಸರಿಯಾದ ನಡೆ.

ಶ್ರುತಿಯ ಗೊಂದಲ ಬೇರೆ ಇದೆ. ಹಳೆಯ ಪೇಟಿಯ ಸ್ವರ ಕೀಬೋರ್ಡಿನ ಸ್ವರಕ್ಕೆ ಕೂದಲೆಳೆಯಷ್ಟಾದರೂ ಹೊಂದುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದರೆ ಜೇನು ಗುಂಯ್‌ಗುಟ್ಟಿದ ಹಾಗೆ ಅಲೆ ಕೇಳುತ್ತದೆ. ಪೇಟಿಯ ರೀಡು ಅಲ್ಲೇ ಕೂತು ತಿದ್ದಲು ಆಗುವುದಿಲ್ಲ. ಕೀಬೋರ್ಡಿನಲ್ಲಿ ಟ್ಯೂನಿಂಗ್ ಏರಿಸಿ ಇಳಿಸುವ ಸೌಲಭ್ಯ ಇರುತ್ತದೆ, ಅದನ್ನೇ ಪೇಟಿಗೆ ಹೊಂದಿಸಿ. ಇನ್ನು ಟ್ರಾನ್ಸ್‌ಪೋಸ್ ಎಂಬ ಗುಂಡಿ. ಗಂಡು ದನಿಯ ಹಾಡು ಕರಿ ಒಂದರಲ್ಲಿ, ಹೆಣ್ಣು ದನಿಯದು ಬಿಳಿ ಐದರಲ್ಲಿ ಅಂದಾಗ ಕೀಬೋರ್ಡಿನವನು ಬೆರಳು ಬದಲಿಸದೆ ಗುಂಡಿ ಒತ್ತುತ್ತಾನೆ. ಆಮೇಲೆ ಅದನ್ನು ವಾಪಸು ತರುವುದು ಮರೆಯುತ್ತಾನೆ. ನಮ್ಮ ಒಂದು ಕಾರ್ಯಕ್ರಮದಲ್ಲಿ ಹೀಗೇ ಆಗಿ, ನನ್ನ ಪೇಟಿ ಒಂದು ಊರಿಗೆ, ಕೀಬೋರ್ಡು ಇನ್ನೊಂದು ಊರಿಗೆ ಹೊರಟಿತ್ತು. ಹಾಡುವವಳು ಇಬ್ಬರ ಮುಖವನ್ನೂ ನೋಡಿ ಸುಮ್ಮನೆ ನಿಂತುಬಿಟ್ಟಳು. ಅವಳದೇ ಸರಿ. ಆವತ್ತಿನಿಂದ ಕೀಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ, ನೀವೂ ಅಂಟಿಸಿ: "ಸೊನ್ನೆ ಆಯ್ತಾ?"

ಯಾರ ಮುಂದೆ ಅಂಜುತ್ತೇವೆ

ಬರೀ ಹಾಡು ಕೆಟ್ಟೀತು ಎಂಬುದಕ್ಕೆ ಜನ ಅಂಜುವುದಿಲ್ಲ. ಮುಂದೆ ಯಾರು ಕೂತಿದ್ದಾರೆ, ಅವರು ನಮ್ಮನ್ನು ಏನೆಂದು ನೋಡುತ್ತಾರೆ ಎಂಬುದೂ ಅದರಲ್ಲಿ ಇರುತ್ತದೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂಬಾಯಿ ಹಾನಗಲ್ ಇದ್ದರು. ಆಗ ಅವರಿಗೆ 11 ವರ್ಷ. ದೊಡ್ಡವರಾದ ಮೇಲೆ ಅವರು ಆ ದಿನ ನೆನೆದು ಹೇಳುತ್ತಿದ್ದುದು ಸ್ವರದ ಅಂಜಿಕೆಯನ್ನಲ್ಲ. ಕೆಳಜಾತಿಯವಳೆಂದು ತನಗೆ ಊಟದ ಎಲೆ ತೆಗೆಯಲು ಹೇಳಿಬಿಟ್ಟಾರೇನೋ ಎಂಬುದು ಆ ಹುಡುಗಿಯ ಚಿಂತೆಯಾಗಿತ್ತು.

ನೂರು ವರ್ಷ ಕಳೆದಿದೆ, ನಮ್ಮ ಊರುಗಳಲ್ಲಿ ಈ ಚಿಂತೆ ಪೂರ್ತಿ ಹೋಗಿದೆ ಎಂದು ಎದೆ ಮುಟ್ಟಿ ಹೇಳಲಾರೆ. ಮುಂದಿನ ಸಾಲಿನಲ್ಲಿ ಊರ ಗೌಡರು, ಹೈಸ್ಕೂಲಿನಲ್ಲಿ ಹೊಡೆದ ಮಾಸ್ತರರು, ಹೆಣ್ಣು ನೋಡಲು ಹೋಗಿದ್ದ ಮನೆಯವರು ಕೂತಿರುವಾಗ ಆರು ಹುಡುಗರ ಎದೆ ಆರು ಕಾರಣಕ್ಕೆ ಬಡಿಯುತ್ತಿರುತ್ತದೆ. ಹುಡುಗಿಯರಿದ್ದರೆ ಏಳನೆಯ ಕಾರಣ. ಇದನ್ನು ಉಸಿರಾಟದ ವ್ಯಾಯಾಮ ಬಗೆಹರಿಸುವುದಿಲ್ಲ. ತಂಡದವರು ಕಾರ್ಯಕ್ರಮಕ್ಕೆ ಮೊದಲು ಒಂದು ಸಂಜೆ ಕೂತು "ನಿಂಗ ಯಾರ ಅಂಜಿಕಿ?" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ಒಳ್ಳೆಯದು. ಬಾಯಿಬಿಟ್ಟು ಹೇಳಿದಾಗ ಅರ್ಧ ನಗೆಯಾಗಿ ಹೋಗುತ್ತದೆ. ಉಳಿದರ್ಧ ಪಕ್ಕದವನಿಗೆ ಗೊತ್ತಿರುತ್ತದೆ. ಗೊತ್ತಿದ್ದವನು ಆ ಹೊತ್ತಿನಲ್ಲಿ ಕೈ ಹಿಡಿಯುತ್ತಾನೆ.

ಇಲ್ಲಿ ಒಂದು ಸಮಾಧಾನದ ಮಾತೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣ ಮಾಡಿದವರು ತಮ್ಮ ನಡುಕ ಕೇಳುವವರಿಗೆ ಎಷ್ಟು ಕಂಡಿತು ಎಂದುಕೊಂಡಿದ್ದರೋ ಅಷ್ಟು ಕಂಡಿರಲೇ ಇಲ್ಲ. ಇದನ್ನು ಮೊದಲೇ ತಿಳಿಸಿ ಭಾಷಣ ಮಾಡಿಸಿದವರು ಇನ್ನೂ ಚೆನ್ನಾಗಿ ಮಾತಾಡಿದರು. ನಿಮ್ಮ ಬೆರಳು ನಡುಗುವುದು ನಿಮಗೆ ಭೂಕಂಪ. ಮೂರನೇ ಸಾಲಿನಲ್ಲಿ ಶೇಂಗಾ ಸುಲಿಯುತ್ತಿರುವವನಿಗೆ ಅದು ಕಾಣುವುದೇ ಇಲ್ಲ.

ಮೈಕು, ಗೋಡೆ, ಇಬ್ಬನಿ

ಪಡಸಾಲೆಯಲ್ಲಿ ಚೆನ್ನಾಗಿದ್ದ ತಂಡ ಸ್ಟೇಜಿನಲ್ಲಿ ಕಂಗಾಲಾಗಲು ದೊಡ್ಡ ಕಾರಣ, ಅಲ್ಲಿ ತಮ್ಮ ದನಿ ತಮಗೆ ಕೇಳಿಸುವುದಿಲ್ಲ. ಸ್ಪೀಕರು ಜನರ ಕಡೆ ಮುಖ ಮಾಡಿರುತ್ತವೆ. ಹಾಡುವವನಿಗೆ ಕೇಳುವುದು ಸ್ಪೀಕರಿನ ಬೆನ್ನಿನ ಗುಂಗು ಮತ್ತು ದೂರದಿಂದ ತಿರುಗಿ ಬಂದ ದನಿ. ತನ್ನ ದನಿ ಕೇಳದವನು ಕೂಗುತ್ತಾನೆ, ಕೂಗಿದವನ ಶ್ರುತಿ ಹಾರುತ್ತದೆ. ಸ್ಟೇಜಿನ ಕಡೆ ತಿರುಗಿಸಿದ ಒಂದು ಚಿಕ್ಕ ಸ್ಪೀಕರು, ಅಂದರೆ ಮಾನಿಟರ್, ಕೊಡಿ ಎಂದು ಮೈಕ್‌ಸೆಟ್‌ನವರನ್ನು ಎರಡು ದಿನ ಮೊದಲೇ ಕೇಳಿ. ಇಲ್ಲ ಅಂದರೆ ಪೇಟಿಯನ್ನು ಹಾಡುವವನ ಕಿವಿಯ ಪಕ್ಕಕ್ಕೇ ಇಟ್ಟು ಒತ್ತೊತ್ತಾಗಿ ಕೂಡಿ.

ವನದುರ್ಗದಲ್ಲಿ ಸುರಪುರ ನಾಯಕರ ಕಾಲದ ಕೋಟೆ ಇದೆ, ಗೋಡೆ ದಪ್ಪ ಕಲ್ಲಿನದು. ಅಂಥ ಗೋಡೆಗೆ ಮುಖ ಮಾಡಿ ಸ್ಪೀಕರ್ ಇಟ್ಟರೆ ಏನಾಗುತ್ತದೆ ಲೆಕ್ಕ ಹಾಕಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗೋಡೆ 50 ಮೀಟರ್ ದೂರದಲ್ಲಿದ್ದರೆ ಹೋಗಿ ಬರಲು 100 ಮೀಟರ್, ಅಂದರೆ ಸುಮಾರು 0.3 ಸೆಕೆಂಡು. ನಿಮಿಷಕ್ಕೆ 100 ಮಾತ್ರೆಯ ನಡೆಯಲ್ಲಿ ಒಂದು ಮಾತ್ರೆಗೆ 0.6 ಸೆಕೆಂಡು. ಹೆಚ್ಚುಕಡಿಮೆ ಅರ್ಧ ಮಾತ್ರೆ ತಪ್ಪಿ ನಿಮ್ಮದೇ ತಾಳ ನಿಮ್ಮ ಕಿವಿಗೆ ಬಂದು ಬಡಿಯುತ್ತದೆ. ಹೊಸಬ ಆ ತಾಳಕ್ಕೆ ಹೊಂದಿಕೊಳ್ಳಲು ಹೋಗಿ ಮುಗ್ಗರಿಸುತ್ತಾನೆ. ಬೀದಿಯುದ್ದಕ್ಕೂ ಕಂಬಕ್ಕೆ ಹಾರ್ನ್ ಕಟ್ಟಿದಲ್ಲಿಯೂ ಇದೇ ಕತೆ. ಸ್ಪೀಕರನ್ನು ಸ್ವಲ್ಪ ಓರೆ ಮಾಡಿಸಿ, ಬಯಲಿನ ಕಡೆ. ಆಗಲಿಲ್ಲವೆಂದರೆ ಕಿವಿಯನ್ನು ನಂಬಬೇಡಿ, ತಬಲಾದವನ ಕೈಯನ್ನು ನೋಡುತ್ತ ಹಾಡಿ.

ಮೈಕಿಗೂ ತುಟಿಗೂ ಮೂರು ನಾಲ್ಕು ಬೆರಳು ಅಂತರ ಸಾಕು. ಅಂತರ ಎರಡು ಪಟ್ಟಾದರೆ ಮೈಕಿಗೆ ಸಿಗುವ ದನಿ 6 ಡೆಸಿಬಲ್ ಇಳಿಯುತ್ತದೆ, ಮೈಕ್‌ಸೆಟ್‌ನವನು ಅದನ್ನು ತುಂಬಲು ಏರಿಸುತ್ತಾನೆ, ಏರಿಸಿದ ಕೂಡಲೇ ಸ್ಪೀಕರಿನ ದನಿ ಮೈಕಿಗೆ ಹೊಕ್ಕು ಕುಂಯ್ ಎಂದು ಚೀರುತ್ತದೆ. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿದರೂ ಚೀರುತ್ತದೆ. ಸಿನಿಮಾದಲ್ಲಿ ಹಾಗೆ ಹಿಡಿಯುತ್ತಾರೆ ಎಂಬುದು ಕಾರಣವಲ್ಲ. ಚೆಕ್ ಮಾಡುವಾಗ "ಹಲೋ ಹಲೋ ಒನ್ ಟೂ ತ್ರೀ" ಎನ್ನುವುದು ಬಿಟ್ಟು ನಿಮ್ಮ ಹಾಡಿನ ಅತಿ ಎತ್ತರದ ಸಾಲನ್ನು ನಿಜವಾದ ದನಿಯಲ್ಲಿ ಹಾಡಿ. ಹಲೋ ಅನ್ನುವುದಕ್ಕೆ ಯಾರೂ ಟಿಕೆಟ್ ಹಾಕಿ ಬರುವುದಿಲ್ಲ.

ಚಳಿಗಾಲದ ಜಾತ್ರೆಗಳಲ್ಲಿ ಇನ್ನೊಂದು ಶತ್ರು ಇಬ್ಬನಿ. ಸಂಕ್ರಾಂತಿಯ ಮೈಲಾಪುರ ಮಲ್ಲಯ್ಯನ ಜಾತ್ರೆಯ ರಾತ್ರಿ ಕೂತು ಬಾರಿಸಿದವರಿಗೆ ಗೊತ್ತು, ತಬಲಾ ಗಂಟೆಗೆ ಒಮ್ಮೆ ಸಡಿಲಾಗುತ್ತದೆ. ಚರ್ಮ ತೇವ ಹೀರಿದರೆ ಶ್ರುತಿ ಇಳಿಯುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಹೊಂದಿಸಿ ಸ್ಟೇಜಿಗೆ ತಂದರೆ ಪ್ರಯೋಜನವಿಲ್ಲ. ಅರ್ಧ ಗಂಟೆ ಸ್ಟೇಜಿನ ಗಾಳಿಗೆ ಬಿಟ್ಟು ಆಮೇಲೆ ಸುತ್ತಿಗೆ ಹಿಡಿಯಿರಿ. ದಮ್ಮಡಿಗೆ ಬೆಂಕಿಯ ಕಾವು ತೋರಿಸಬಹುದು, ಪೆಂಡಾಲಿನ ಬಟ್ಟೆಯಿಂದ ದೂರ ಹೋಗಿ.

ಭಾಷಣ ಮುಗಿಯುವವರೆಗೆ

ನಿಮಗೆ ಕೊಟ್ಟ ಸಮಯ ಒಂಬತ್ತು ಗಂಟೆ ಎಂದಿಟ್ಟುಕೊಳ್ಳಿ. ಉದ್ಘಾಟನೆ, ಶಾಲು, ಹಾರ, ಮುಖ್ಯ ಅತಿಥಿಗಳ "ಎರಡೇ ಮಾತು" ಎಲ್ಲ ಮುಗಿಯುವ ಹೊತ್ತಿಗೆ ಹತ್ತಾಗಿರುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ ಹರಿದಿನಗಳಲ್ಲಿ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಹಗಲಾದರೂ ರಾತ್ರಿಯಾದರೂ ಲಿಖಿತ ಅನುಮತಿ ಬೇಕೇ ಬೇಕು. ಅದನ್ನು ಪಡೆಯುವುದು ಜಾತ್ರಾ ಕಮಿಟಿಯವರ ಕೆಲಸ, ಆದರೆ ಎಷ್ಟು ಗಂಟೆಯವರೆಗೆ ಸಿಕ್ಕಿದೆ ಎಂದು ಕೇಳಿ ತಿಳಿದುಕೊಳ್ಳುವುದು ನಿಮ್ಮದು. ಪೊಲೀಸರು ಬಂದು ಆಂಪ್ಲಿಫೈಯರ್ ಆರಿಸಿದಾಗ ಅರ್ಧ ಹಾಡಿನಲ್ಲಿ ನಿಂತವನ ಮುಖ ನೋಡಲಾಗುವುದಿಲ್ಲ.

ಹಾಗಾಗಿ ಹಾಡಿನ ಪಟ್ಟಿ ಒಂದಲ್ಲ, ಮೂರು ಇರಲಿ. 40 ನಿಮಿಷದ್ದು, 20 ನಿಮಿಷದ್ದು, 10 ನಿಮಿಷದ್ದು. ಮೂರರಲ್ಲೂ ಮೊದಲ ಹಾಡು ಒಂದೇ, ಕೊನೆಯದೂ ಒಂದೇ. ನಡುವಿನವು ಕಳಚುತ್ತ ಹೋಗಬೇಕು. ಮೊದಲ ಹಾಡು ತಂಡದ ಅತಿ ಒಳ್ಳೆಯ ಹಾಡಾಗಿರಬಾರದು. ಎಲ್ಲರೂ ಒಟ್ಟಿಗೆ ಪಲ್ಲ ಎತ್ತಿಕೊಳ್ಳುವ, ಮಧ್ಯಮ ಶ್ರುತಿಯ, ನಿದ್ದೆಯಲ್ಲಿ ಎಬ್ಬಿಸಿದರೂ ಬರುವ ಹಾಡಾಗಿರಲಿ. ಅಂಜಿಕೆ ಮೊದಲ ಕೆಲವು ನಿಮಿಷ ಜೋರಾಗಿದ್ದು ಆಮೇಲೆ ಇಳಿಯುತ್ತದೆ. ಆ ನಿಮಿಷಗಳನ್ನು ಒಬ್ಬನ ಒಂಟಿ ಆಲಾಪಕ್ಕೆ ಒಪ್ಪಿಸಿದರೆ ಅವನ ಕತೆ ಮುಗಿಯಿತು. ಆರು ದನಿಯ ಪಲ್ಲಕ್ಕೆ ಒಪ್ಪಿಸಿದರೆ ಯಾರ ನಡುಕ ಯಾರದೋ ಗೊತ್ತಾಗುವುದಿಲ್ಲ. ಪಟ್ಟಿಯನ್ನು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಮೊಬೈಲ್ ನೋಡಿ ಹಾಡಬೇಡಿ. ಪರದೆ ಆರುತ್ತದೆ, ನಡುವೆ ಅತ್ತೆಯ ಫೋನ್ ಬರುತ್ತದೆ.

ಆವತ್ತಿನ ಹೊಟ್ಟೆಯ ವಿಚಾರ. ಜಾತ್ರೆಯ ಊಟ, ಹುಗ್ಗಿ, ಬದನೆಕಾಯಿ ಪಲ್ಯ, ಕಡಕ್ ರೊಟ್ಟಿ, ಯಾರೂ ಬೇಡ ಅನ್ನಲಾರರು. ಹಾಡುವುದಕ್ಕೆ ಎರಡು ಗಂಟೆ ಮೊದಲೇ, ಅರ್ಧ ಹೊಟ್ಟೆ ಉಣ್ಣಿ. ಉಳಿದದ್ದು ಆಮೇಲೆ. ಉಗುರುಬೆಚ್ಚಗಿನ ನೀರು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಗುಟ್ಕಾ, ಎಲೆ ಅಡಿಕೆ ತಂಬಾಕು ಬಾಯಿಯನ್ನು ಇನ್ನಷ್ಟು ಒಣಗಿಸುತ್ತವೆ. "ಒಂದು ಪೆಗ್ ಹಾಕಿದ್ರ ಧೈರ್ಯ ಬರ್ತದ" ಎನ್ನುವ ಹಿರಿಯ ಕಲಾವಿದ ಪ್ರತಿ ಊರಲ್ಲಿ ಒಬ್ಬನಿರುತ್ತಾನೆ. ಧೈರ್ಯ ಬರುವುದು ನಿಜ, ಲಯ ಹೋಗುವುದು ಅದಕ್ಕಿಂತ ನಿಜ. ಕೆಟ್ಟದ್ದೇನೆಂದರೆ ಲಯ ಹೋದದ್ದು ಕುಡಿದವನಿಗೆ ಮಾತ್ರ ತಿಳಿಯುವುದಿಲ್ಲ. ವಿದೇಶದ ವಾದಕರಲ್ಲಿ ಕೆಲವರು ಪ್ರೊಪ್ರನಲಾಲ್ ಎಂಬ ಮಾತ್ರೆ ನುಂಗುತ್ತಾರೆ, ಎದೆಬಡಿತ ಮತ್ತು ಕೈನಡುಕ ಕಡಿಮೆ ಮಾಡುತ್ತದೆ. ಆಸ್ತಮಾ ಇದ್ದವರಿಗೆ ಅದು ಅಪಾಯ. ಗೆಳೆಯ ಕೊಟ್ಟ ಎಂದು ನುಂಗುವ ವಸ್ತುವಲ್ಲ, ಡಾಕ್ಟರ ಚೀಟಿಯಿಲ್ಲದೆ ಮುಟ್ಟಬೇಡಿ.

ಸ್ಟೇಜಿನ ಹಿಂದೆ ಕಾಯುವ ಅರ್ಧ ಗಂಟೆಯೇ ಎಲ್ಲಕ್ಕಿಂತ ಕಠಿಣ. ಆಗ ಮೈಗೆ ಕೆಲಸ ಕೊಡಿ. ಪೆಂಡಾಲಿನ ಹಿಂದೆ ಬಿರುಸಾಗಿ ನಾಲ್ಕು ಸುತ್ತು ನಡೆಯಿರಿ. ಓಡಲು ಬಂದ ರಕ್ತ ಓಡಿದರೆ ಸುಮ್ಮನಾಗುತ್ತದೆ. ಪೇಟಿ, ತಬಲಾದವರು ಕೈಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ತಿಕ್ಕಿಕೊಳ್ಳಿ. ಹಾಡುವವರು ಬಾಯಿ ಮುಚ್ಚಿ ಮಂದ್ರದಲ್ಲಿ ಗುಂಯ್‌ಗುಡಿ, ಕೂಗಬೇಡಿ. ಆಮೇಲೆ ಉಸಿರು: ನಾಲ್ಕು ಎಣಿಸುತ್ತ ಮೂಗಿನಿಂದ ಒಳಗೆ, ಆರು ಎಣಿಸುತ್ತ ಹೊರಗೆ. ಹೊರಬಿಡುವುದು ಉದ್ದವಾಗಿರಬೇಕು, ಯಾಕೆಂದರೆ ಉಸಿರು ಬಿಡುವಾಗ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ಐದು ನಿಮಿಷ ಹೀಗೆ ಮಾಡಿದವನ ಮುಖದ ಬಣ್ಣ ತಿರುಗಿ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತೀರಿ ಎಂಬುದಕ್ಕೂ ಬೆಲೆಯಿದೆ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಿಚಿತರ ಮುಂದೆ ಹಾಡುವುದಕ್ಕೆ ಮೊದಲು "ನನಗೆ ಹುರುಪು ಬಂದಿದೆ" ಎಂದು ಹೇಳಿಕೊಂಡವರು "ನನಗೆ ಅಂಜಿಕೆ ಆಗಿದೆ" ಎಂದವರಿಗಿಂತ ಶ್ರುತಿ, ಲಯ ಎರಡರಲ್ಲೂ ಮೇಲಾಗಿ ಹಾಡಿದರು. ಎದೆಬಡಿತ ಇಬ್ಬರದೂ ಏರಿಯೇ ಇತ್ತು. ಅಂಜಿಕೆಯಿಂದ ಶಾಂತಿಗೆ ದಾರಿ ದೂರ, ಹುರುಪಿಗೆ ಹತ್ತಿರ. ನಮ್ಮಲ್ಲಿ ಹಲಗಿಯವರು ಮೆರವಣಿಗೆಗೆ ಮೊದಲು "ಹುರ್ರ್ಯೋ" ಎಂದು ಕೂಗುವುದು ಯಾವ ಹಾರ್ವರ್ಡನ್ನೂ ಕೇಳಿ ಅಲ್ಲ.

ಮರೆತರೆ

ಮರೆಯುತ್ತೀರಿ. ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸಂಡ್ 1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕಛೇರಿಯಲ್ಲಿ ಸಾಹಿತ್ಯ ಮರೆತು, ಆ ಅಂಜಿಕೆಗೆ ಹಣ ಪಡೆದು ಹಾಡುವ ಸಭೆಗಳಿಂದ ಹಲವು ವರ್ಷ ದೂರ ಉಳಿದರು. ಅವರ ಹಿಂದೆ ಭಜನಾ ಮೇಳ ಇದ್ದಿದ್ದರೆ ಬಹುಶಃ ಮರುದಿನವೇ ಹಾಡುತ್ತಿದ್ದರು. ತತ್ವಪದದ ಕಟ್ಟಡವೇ ಮರೆಯುವವನಿಗಾಗಿ ಕಟ್ಟಿದ ಹಾಗಿದೆ. ಪ್ರತಿ ನುಡಿ ಮುಗಿದ ಮೇಲೆ ಹಿಮ್ಮೇಳ ಪಲ್ಲ ಎತ್ತಿಕೊಳ್ಳುತ್ತದೆ, ಮುಮ್ಮೇಳದವನಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ನುಡಿ ನೆನೆಯಲು ಪುರಸೊತ್ತು. ನೆನಪಾಗಲಿಲ್ಲವೇ, ಅವನು ಪಕ್ಕದವನ ತೊಡೆ ಮುಟ್ಟುತ್ತಾನೆ, ಪಲ್ಲ ಇನ್ನೊಮ್ಮೆ ಬರುತ್ತದೆ. ಆಗಲೂ ಬರಲಿಲ್ಲವೇ, ನಡುವಿನ ನುಡಿ ಬಿಟ್ಟು ಕೊನೆಯ ನುಡಿಗೆ ಹಾರಿ. ಎರಡನೇ ನುಡಿ ಹೋದದ್ದು ಯಾರಿಗೂ ತಿಳಿಯುವುದಿಲ್ಲ. ಕೊನೆಯ ನುಡಿಯಲ್ಲಿ ಪದಕಾರರ ಅಂಕಿತ ಬರದಿದ್ದರೆ ಮಾತ್ರ ಮುದುಕರು ಬೈಯುತ್ತಾರೆ.

ತೊಡೆ ಮುಟ್ಟುವ ಈ ಸನ್ನೆಯನ್ನು ಸಿನಿಮಾ ಹಾಡಿಗೂ ತನ್ನಿ, ಮತ್ತು ತಾಲೀಮಿನಲ್ಲಿ ಬೇಕೆಂದೇ ಮರೆಯಿರಿ. ಯಾರು, ಯಾವ ಸಾಲಿನಲ್ಲಿ ಮರೆಯುತ್ತಾರೆ ಎಂದು ಮೊದಲೇ ಹೇಳದೆ. ಮೂರು ಸಂಜೆ ಹೀಗೆ ಆಡಿದ ತಂಡಕ್ಕೆ ಮರೆವು ದೊಡ್ಡ ಅಪಘಾತ ಅನಿಸುವುದಿಲ್ಲ. ಒಂದೇ ಕಟ್ಟುಪಾಡು: ತಪ್ಪಾದಾಗ ನಗಬೇಡಿ, ತಪ್ಪಿದವನ ಕಡೆ ತಿರುಗಿ ನೋಡಬೇಡಿ. ಜನ ಹಾಡು ಕೇಳಿ ತಪ್ಪು ಕಂಡುಹಿಡಿಯುವುದಿಲ್ಲ, ನಿಮ್ಮ ಮುಖ ನೋಡಿ ಕಂಡುಹಿಡಿಯುತ್ತಾರೆ.

ಚೀಲದಲ್ಲಿ ಏನಿರಬೇಕು ಎಂದೂ ಆ ಹುಡುಗ ಕೇಳಿದ. ತಬಲಾದ ಸುತ್ತಿಗೆ, ಒಂದು ಎಕ್ಸ್‌ಟೆನ್ಷನ್ ಬೋರ್ಡು, ಕೀಬೋರ್ಡಿಗೆ ಇನ್ನೊಂದು ಅಡಾಪ್ಟರ್, ಬ್ಯಾಟರಿ, ಪದದ ವಹಿಯ ಎರಡು ಪ್ರತಿ, ನೀರು, ಟವೆಲ್ಲು. ಜನರೇಟರು ಕೆಮ್ಮಿದಾಗ ಕೀಬೋರ್ಡು ಆರಿ ಹೊತ್ತುತ್ತದೆ, ಆಗ ನೀವಿಟ್ಟ ಟ್ಯೂನಿಂಗು ಅಳಿಸಿಹೋಗಿರುತ್ತದೆ. ಹೊಂದಿಸಿದ ಅಂಕಿ ಎಷ್ಟು ಎಂದು ಆ "ಸೊನ್ನೆ ಆಯ್ತಾ" ಚೀಟಿಯ ಕೆಳಗೇ ಬರೆದಿಡಿ.

ಕಾರ್ಯಕ್ರಮ ಮುಗಿದ ರಾತ್ರಿ ರೆಕಾರ್ಡಿಂಗ್ ಕೇಳಬೇಡಿ, ಜಗಳವಾಗುತ್ತದೆ. ಎರಡು ದಿನ ಬಿಟ್ಟು ಎಲ್ಲರೂ ಕೂಡಿ ಕೇಳಿ. ಸದ್ಯಕ್ಕೆ ಮಾಡಬೇಕಾದದ್ದು ಒಂದೇ. ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಅಮಾವಾಸ್ಯೆ ಯಾವತ್ತಿದೆ ನೋಡಿ, ಭಜನೆಯ ಹಿರಿಯರಿಗೆ ಇವತ್ತೇ ಹೋಗಿ ಹೇಳಿ ಬನ್ನಿ: "ಅವತ್ತ ನಮ್ದೂ ಎರಡು ಪದ ಇರ್ಲಿ, ಯಜ್ಜಾ."